ಹಿತ್ತಲ ಗೋಡೆಯ ಕೆಳಗಿನ ಮಣ್ಣು

ವ್ಯಾಪಾರ ಕುದುರಿದರೆ ಅಂಗಡಿಯಲ್ಲಿ ಜಾಗ ಸಾಲುವುದಿಲ್ಲ. ಅಂಗಡಿ ಇಟ್ಟವರಿಗೆಲ್ಲ ಗೊತ್ತಿರುವ ಕಷ್ಟ ಇದು. ಮೈಸೂರಿನ ಸಂತೇಪೇಟೆಯ ಹಿಂದಿನ ಬೀದಿಯಲ್ಲಿ ಮನೆಗೆ ಅಂಟಿಕೊಂಡೇ ದವಸದ ಮಂಡಿ ನಡೆಸುತ್ತಿದ್ದ ಗುರುಸಿದ್ದಯ್ಯನಿಗೂ ಹಾಗೇ ಆಯಿತು.

ದವಸಕ್ಕೆ ಸರ್ಕಾರ ಹಾಕಿದ್ದ ಕಂಟ್ರೋಲಿನ ಕಾಲ ಮುಗಿದು ವ್ಯಾಪಾರ ಮತ್ತೆ ಬಿಸಿಯೇರಿದ್ದ ವರ್ಷಗಳು ಅವು. ನಂಜನಗೂಡು, ತಿ. ನರಸೀಪುರದ ಕಡೆಯ ಎತ್ತಿನ ಗಾಡಿಗಳು ಬೆಳಕು ಹರಿಯುವಷ್ಟರಲ್ಲಿ ಮಂಡಿಯ ಮುಂದೆ ಬಂದು ನಿಲ್ಲುತ್ತಿದ್ದವು. ಒಳಗೆ ಹಿಡಿಸದ ಮೂಟೆಗಳು ಜಗಲಿಗೆ ಬಂದವು. ಜಗಲಿ ತುಂಬಿ ಬೀದಿಗೆ ಬಂದವು. ಒಂದು ಮಳೆ ಬಿದ್ದರೆ ಸಾಕು, ಗೋಣಿ ನೆನೆದು ರಾಗಿ ಮುಗ್ಗಲು ವಾಸನೆ ಹೊಡೆಯುತ್ತಿತ್ತು.

ಒಂದು ದಿನ ಊಟಕ್ಕೆ ಕೂತಾಗ ಗುರುಸಿದ್ದಯ್ಯ ಹೆಂಡತಿ ಶಿವನಂಜಮ್ಮನಿಗೆ ಹೇಳಿದ: "ಹಿತ್ತಲು ಸುಮ್ನೆ ಬಿದ್ದದೆ. ಮಂಡಿ ಗೋಡೆಗೆ ಸೇರಿಸಿ ಅಲ್ಲೊಂದು ದಾಸ್ತಾನು ಕೋಣೆ ಎಬ್ಬಿಸ್ಬುಡ್ತೀನಿ. ಕೆಳಗೆ ಭತ್ತ, ರಾಗಿ. ಮೇಲೊಂದು ಮಾಳಿಗೆ, ಅಲ್ಲಿ ಹುರುಳಿ, ಅವರೆ."

ಶಿವನಂಜಮ್ಮ ಬಡಿಸುತ್ತಿದ್ದ ಸೌಟು ಹಾಗೇ ಹಿಡಿದಳು. "ಹಿತ್ತಲಲ್ಲೇ ಯಾಕ್ರೀ? ಅಲ್ಲಿ ಗುಂಡಿ ಇತ್ತಲ್ಲ. ನಾನು ಮದ್ವೆಯಾಗಿ ಬಂದಾಗ ಇಟ್ಟಿಗೆ ಸುಡೋರು ಮಣ್ಣು ತೆಗ್ದು ತೆಗ್ದು ಕೆರೆ ಹಂಗೆ ಮಾಡಿದ್ರು. ಮಳೆಗಾಲದಲ್ಲಿ ಎಮ್ಮೆಗಳು ಇಳಿದು ಬಿದ್ದಿರ್ತಿದ್ವು."

"ಅದು ಮುಚ್ಚೋಗಿ ಯಾವ ಕಾಲ ಆಯ್ತು! ಬೀದಿಯೋರೆಲ್ಲ ಕಸ ಸುರಿದ್ರು, ಬೂದಿ ಸುರಿದ್ರು, ಈಗ ಅದರ ಮೇಲೇ ಗಾಡಿ ಓಡಾಡ್ತದೆ. ತುಂಬಿದ ಗಾಡಿ ತಡೆಯೋ ನೆಲ ಗೋಡೆ ತಡೆಯಲ್ವ?"

ಗಾಡಿ ಓಡಾಡುತ್ತಿದ್ದುದು ನಿಜವೇ. ಆದರೆ ಶಿವನಂಜಮ್ಮನ ಕಣ್ಣಿಗೆ ಆ ಕಪ್ಪು ನೀರು, ನೀರಲ್ಲಿ ಮೂಗು ಮಾತ್ರ ಮೇಲಿಟ್ಟುಕೊಂಡು ಮಲಗಿದ ಎಮ್ಮೆಗಳು ಕಾಣುತ್ತಲೇ ಇದ್ದವು.

ಎದುರು ಮನೆಯಲ್ಲಿ ಬಾಡಿಗೆಗಿದ್ದವನು ಓವರ್‌ಸಿಯರ್ ಸುಂದರೇಶ. ಸರ್ಕಾರದ ರಸ್ತೆ, ಸೇತುವೆ ಕೆಲಸ ನೋಡಿಕೊಳ್ಳುತ್ತಿದ್ದವನು. ಹಿತ್ತಲಲ್ಲಿ ಮೇಸ್ತ್ರಿ ಪಾಯದ ಗುರುತಿಗೆ ದಾರ ಕಟ್ಟುತ್ತಿದ್ದಾನೆಂದು ಕೇಳಿ ಬೀದಿ ದಾಟಿ ಬಂದ.

"ಗುರುಸಿದ್ದಯ್ಯನವರೇ, ನೆಲ ನೋಡಿಸಿದ್ರಾ?"

"ನೆಲ ನೋಡೋಕೆ ಏನದೆ ಓವರ್‌ಸಿಯರ್ರೇ, ಹೆಣ್ಣು ನೋಡ್ದಂಗಾ?" ಗುರುಸಿದ್ದಯ್ಯ ನಕ್ಕ. ಮೇಸ್ತ್ರಿಯೂ ನಕ್ಕ.

ಸುಂದರೇಶ ನಗಲಿಲ್ಲ. "ಹೆಣ್ಣು ನೋಡೋರು ಮುಖ ನೋಡಿ ಎದ್ದು ಬರ್ತಾರೇನು? ಮನೆತನ ವಿಚಾರಿಸಲ್ವೆ? ನೆಲಕ್ಕೂ ಮೇಲಿನ ಮುಖ ಬೇರೆ, ಒಳಗಿನದು ಬೇರೆ. ಪಾಯ ಹಾಕೋಕೆ ಮುಂಚೆ ಎರಡು ಮೂರು ಕಡೆ ಗುಂಡಿ ತೋಡಿಸಿ. ಪಾಯದ ಆಳಕ್ಕಿಂತ ಕೆಳಗೂ ಹೋಗ್ಬೇಕು. ಏನು ಬರ್ತದೆ ನೋಡಿ ಆಮೇಲೆ ಕಟ್ಟಿ."

"ನಮ್ಮಪ್ಪ ಕಟ್ಟಿದ ಮಂಡಿ ನೋಡಿ. ಮೊಣಕಾಲುದ್ದ ಪಾಯ. ಇವತ್ತಿನವರೆಗೆ ಒಂದು ಬಿರುಕಿಲ್ಲ."

"ಅದು ಮುಂದಿನ ನೆಲ. ಹತ್ತು ಮಾರು ಈಚೆಗೆ ಬಂದ್ರೆ ಮಣ್ಣೇ ಬದಲಾಗ್ಬೋದು. ಗಾಡಿ ಬಂದು ಹೋಗ್ತದೆ, ಗೋಡೆ ಬಂದ್ರೆ ಅಲ್ಲೇ ಕೂತಿರ್ತದೆ. ಅದರ ಮೇಲೆ ನಿಮ್ಮ ಮೂಟೆಗಳು ಬೇರೆ."

ಮೇಸ್ತ್ರಿಗೆ ಈ ಮಾತು ಹಿಡಿಸಲಿಲ್ಲ. ಹಾರೆ ಎತ್ತಿ ನೆಲಕ್ಕೆ ಹಾಕಿದ. ಠಣ್ ಎಂದಿತು. "ಕೇಳುಸ್ಕೊಳಿ ಸ್ವಾಮಿ, ಬಂಡೆ ಹಂಗದೆ. ಸೊಂಟದುದ್ದ ಪಾಯ ತೆಗೆದು ಕಲ್ಲು ಕಟ್ತೀನಿ. ಹಳೇ ಗೋಡೆಗೆ ಹಲ್ಲು ಕಚ್ಚಿಸಿ ಹೊಸ ಗೋಡೆ ಸೇರಿಸ್ತೀನಿ. ಜಪ್ಪಯ್ಯ ಅಂದ್ರೂ ಅಲ್ಲಾಡಲ್ಲ."

ಹಾರೆಯ ತುದಿಗೆ ತಾಗಿದ್ದು ಯಾವುದೋ ಕಾಲದಲ್ಲಿ ಎಸೆದ ಹೆಂಚಿನ ಚೂರು. ಅದನ್ನು ಕೆದಕಿ ನೋಡುವ ಗೋಜಿಗೆ ಯಾರೂ ಹೋಗಲಿಲ್ಲ. ಆ ವಾರವೇ ಸುಂದರೇಶನಿಗೆ ಹೆಗ್ಗಡದೇವನಕೋಟೆ ಕಡೆ ಸೇತುವೆ ಕೆಲಸ ಬಿತ್ತು. ಅವನು ಗಂಟುಮೂಟೆ ಕಟ್ಟಿಕೊಂಡು ಹೋದ. ಬೇಸಿಗೆ ಮುಗಿಯುವ ಹೊತ್ತಿಗೆ ಕೋಣೆ ಎದ್ದಿತು. ಸುಣ್ಣ ಬಳಿದು, ಬಾಗಿಲಿಗೆ ಮಾವಿನ ತೋರಣ ಕಟ್ಟಿದರು. ಕೆಳಗೂ ಮೇಲೂ ಮೂಟೆ ತುಂಬಿದರು.

ಆ ಮೂಟೆಗಳನ್ನೆಲ್ಲ ಹೊತ್ತವನು ಚಾಮಯ್ಯ. ಗುರುಸಿದ್ದಯ್ಯನ ಅಪ್ಪನ ಕಾಲದಿಂದಲೂ ಮಂಡಿಯಲ್ಲಿ ಹಮಾಲಿ. ಅವನ ಹೆಂಡತಿ ತಿಮ್ಮಮ್ಮ ಅಲ್ಲೇ ದವಸ ಕೇರಿ, ಕಲ್ಲು ಕಡ್ಡಿ ಆರಿಸಿ ಹಸನು ಮಾಡುವವಳು. ಇದ್ದೊಬ್ಬ ಮಗಳನ್ನು ಬನ್ನೂರಿಗೆ ಕೊಟ್ಟಿದ್ದರು. ತಿಮ್ಮಮ್ಮನ ಬಾಯಿ ಜೋರು, ಮನಸ್ಸು ಮೆದು. ಮಧ್ಯಾಹ್ನ ಕೆಲಸ ಬಿಡುವಾದಾಗ ಅವಳೂ ಶಿವನಂಜಮ್ಮನೂ ಹಿತ್ತಲ ಬಾಗಿಲಲ್ಲಿ ಕೂತು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು. ಮಕ್ಕಳಿಲ್ಲದ ಶಿವನಂಜಮ್ಮನಿಗೆ ಆ ಹೊತ್ತೇ ದಿನದ ದೊಡ್ಡ ಸಮಾಧಾನ.

ಮಳೆಗಾಲ ಶುರುವಾಗಿತ್ತು. ಒಂದು ದಿನ ತಿಮ್ಮಮ್ಮ ಹೊಸ ಕೋಣೆಯಿಂದ ಕೂಗಿದಳು: "ಅಮ್ಮಾವ್ರೇ, ಬನ್ನಿ ಇಲ್ಲಿ, ತಮಾಸೆ ತೋರುಸ್ತೀನಿ."

ನೆಲದ ನಡುವೆ ಒಂದು ಹಿಡಿ ಹುರುಳಿ ಚೆಲ್ಲಿದಳು. ಕಾಳುಗಳು ಒಂದೊಂದೇ ಹಿಂಗೋಡೆಯ ಕಡೆಗೆ ಉರುಳಿಕೊಂಡು ಹೋಗಿ ಮೂಲೆಯಲ್ಲಿ ಗುಡ್ಡೆಯಾದವು.

"ನೋಡುದ್ರಾ? ನಾನು ಕೇರಿ ಇಲ್ಲಿ ಸುರೀತೀನಿ, ಅದು ಅಲ್ಲಿಗೆ ಓಡೋಯ್ತದೆ. ಹುರುಳಿಗೂ ಕಾಲು ಬಂದದೆ ಕಣಮ್ಮ!"

ತಿಮ್ಮಮ್ಮ ನಕ್ಕಳು. ಶಿವನಂಜಮ್ಮನಿಗೆ ನಗು ಬರಲಿಲ್ಲ. ಅವಳು ಮೂಲೆಗೆ ಹೋಗಿ ನೋಡಿದಳು. ಹಳೇ ಗೋಡೆಗೆ ಹೊಸ ಗೋಡೆ ಸೇರುವ ಕಡೆ ಮೇಲಿಂದ ಕೆಳಕ್ಕೆ ಓರೆಯಾಗಿ ಒಂದು ಬಿರುಕು. ಮೇಲ್ಗಡೆ ಅಗಲ, ಕೆಳಗೆ ಬರುತ್ತಾ ಕಿರಿದು. ಬೆರಳು ಇಟ್ಟಳು, ಬೆರಳು ಒಳಗೆ ಹೋಯಿತು. ಹಿಂಬಾಗಿಲು ಎಳೆದಳು, ಬಾಗಿಲು ಚೌಕಟ್ಟಿಗೆ ಕಚ್ಚಿಕೊಂಡಿತ್ತು. ಹದಿನೈದು ದಿನದ ಹಿಂದೆ ಸಲೀಸಾಗಿ ಮುಚ್ಚಿ ತೆಗೆಯುತ್ತಿದ್ದ ಬಾಗಿಲು ಅದು.

ಗಂಡನಿಗೆ ಹೇಳಿದಳು. ಗಂಡ ಮೇಸ್ತ್ರಿಯನ್ನು ಕರೆಸಿದ. "ಹೊಸ ಗೋಡೆ ಒಣಗ್ತಾ ಬಾಯಿ ಬುಡ್ತದೆ ಯಜಮಾನ್ರೇ. ಮಳೆಗೆ ಮರ ಊದಿ ಬಾಗಿಲು ಹಿಡಿದದೆ" ಎಂದು ಮೇಸ್ತ್ರಿ ಬಿರುಕಿಗೆ ಗಾರೆ ತುಂಬಿ, ಬಾಗಿಲಿನ ಅಂಚಿಗೆ ಉಜ್ಜುಗೊರಡು ಹಾಕಿ ಹೆರೆದು ಹೋದ.

ಬಿರುಕು ಗಾರೆಯನ್ನೂ ಸೀಳಿಕೊಂಡು ಮತ್ತೆ ಬಾಯಿಬಿಟ್ಟಿತು. ಇನ್ನೊಂದು ಸಲ ತುಂಬಿಸಿದರು. ದಸರೆಗೆ ನೆಂಟರು ಬರುತ್ತಾರೆಂದು ಮೇಲೆ ಸುಣ್ಣ ಬಳಿಸಿದರು.

"ಮೇಲಿನ ಮೂಟೆಯನ್ನಾದ್ರೂ ಇಳಿಸ್ರೀ" ಎಂದಳು ಶಿವನಂಜಮ್ಮ.

"ಇಳ್ಸಿ ಎಲ್ಲಿಡ್ಲಿ? ನಿನ್ ತಲೆ ಮೇಲಾ? ಹಬ್ಬ ಕಳೀಲಿ ಬುಡು" ಎಂದ ಗುರುಸಿದ್ದಯ್ಯ.

ಹಬ್ಬ ಕಳೆಯಿತು. ಚಿತ್ತೆ ಮಳೆ ಹಿಡಿಯಿತು. ಹೊಸ ಕೋಣೆಯ ತಾರಸಿಯ ನೀರೆಲ್ಲ ಒಂದೇ ತಗಡಿನ ದೋಣಿಯಲ್ಲಿ ಹರಿದು ಹಿಂಗೋಡೆಯ ಬುಡಕ್ಕೇ ಸುರಿಯುತ್ತಿತ್ತು. ಆ ನೀರು ಎಲ್ಲಿಗೆ ಹೋಗುತ್ತದೆ ಎಂದು ಯಾರೂ ಕೇಳಲಿಲ್ಲ. ನೆಲ ಅದನ್ನು ಗುಟುಕರಿಸುತ್ತಲೇ ಇತ್ತು.

ಒಂದು ಮಧ್ಯಾಹ್ನ ಮಳೆ ಸ್ವಲ್ಪ ಬಿಟ್ಟಿತ್ತು. ಅಂಗಳ ಕೆಸರಾಗಿದ್ದರಿಂದ ತಿಮ್ಮಮ್ಮ ಕೋಣೆಯೊಳಗೇ ಮೊರ ಹಿಡಿದು ಕೂತಿದ್ದಳು. ಅವಳಿಗೆ ಬಿಸಿ ಕಾಫಿ ತರಲು ಶಿವನಂಜಮ್ಮ ಅಡುಗೆಮನೆಗೆ ಬಂದಳು. ಲೋಟಕ್ಕೆ ಬಗ್ಗಿಸುತ್ತಿದ್ದಾಗ ಹಿಂದೆ ಯಾವುದೋ ಮರ ಮುರಿದಂತೆ ಲಟಲಟ ಸದ್ದು. ಅದರ ಬೆನ್ನಿಗೇ ಒಂದು ಭಾರಿ ಉಸಿರು ಬಿಟ್ಟ ಹಾಗೆ ಶಬ್ದ. ಪಾತ್ರೆಗಳು ಗೂಡಿನಿಂದ ಬಿದ್ದವು. ಅವಳು ಓಡಿ ಬಂದಾಗ ಹಿತ್ತಲಲ್ಲಿ ಕೋಣೆ ಇರಲಿಲ್ಲ. ಹಿಂಗೋಡೆ ನೆಲಕ್ಕೆ ಕುಸಿದು ಹೊರಕ್ಕೆ ಮಲಗಿತ್ತು. ತೊಲೆಗಳು ಕತ್ತರಿಯಾಗಿ ಬಿದ್ದಿದ್ದವು. ಮಾಳಿಗೆಯ ಮೂಟೆಗಳೆಲ್ಲ ಕೆಳಗೆ. ಹಳೇ ಮಂಡಿಯ ಗೋಡೆಯಲ್ಲೂ ಒಂದು ಮೂಲೆ ಕಿತ್ತುಕೊಂಡು ಬಂದಿತ್ತು.

"ತಿಮ್ಮಿ!" ಎಂದು ಕೂಗಿದಳು. ಒಡೆದ ಗೋಣಿಗಳಿಂದ ಹುರುಳಿ ಮಾತ್ರ ಸುರಿಯುತ್ತಿತ್ತು.

ಚಾಮಯ್ಯ ಬೀದಿಯಿಂದ ಓಡಿ ಬಂದ. ಬೀದಿಯವರೆಲ್ಲ ಬಂದರು. ಚಾಮಯ್ಯ ಯಾರ ಮಾತೂ ಕೇಳಲಿಲ್ಲ. ಮೂಟೆಯ ಮೇಲೆ ಮೂಟೆ ಎತ್ತಿ ಬೆನ್ನಿಗೆ ಹಾಕಿಕೊಂಡು ಆಚೆ ಹಾಕಿದ. ಬೇರೆಯವರು ಕೈಹಾಕಿದರೆ ತಳ್ಳಿದ. "ನಾ ಹೊತ್ತಿಕ್ಕಿದ್ದು, ನಾನೇ ತೆಗೀತೀನಿ" ಎಂದಷ್ಟೇ ಹೇಳುತ್ತಿದ್ದ. ತೊಲೆ ಸರಿಸಲು ಮಾತ್ರ ಜನ ಬೇಕಾಯಿತು. ತಿಮ್ಮಮ್ಮ ಸಿಕ್ಕಾಗ ಅವಳ ಕೈಯಲ್ಲಿ ಮೊರ ಹಾಗೇ ಇತ್ತು. ಉಸಿರು ಇರಲಿಲ್ಲ. ಚಾಮಯ್ಯ ಅವಳ ಮುಖದ ಮೇಲಿನ ಧೂಳನ್ನು ತನ್ನ ಪಂಚೆಯ ಚುಂಗಿನಿಂದ ಒರೆಸಿದ. ಎಷ್ಟು ಒರೆಸಿದರೂ ಸುಣ್ಣ ಹೋಗಲಿಲ್ಲ.

ಪೊಲೀಸರು ಬಂದು ಹೋದರು. ಮೇಸ್ತ್ರಿ ಊರು ಬಿಟ್ಟ. ಗುರುಸಿದ್ದಯ್ಯ ತಿಮ್ಮಮ್ಮನ ಮಣ್ಣಿಗೆ ಹೋದ, ತಿಥಿಯ ಖರ್ಚು ತಾನೇ ನೋಡಿಕೊಂಡ. ಬಂದವರಿಗೆಲ್ಲ ಒಂದೇ ಮಾತು ಹೇಳಿದ: "ನಮ್ಮ ಕೈಲಿ ಏನದೆ? ಅವಳ ಹಣೇಲಿ ಬರೆದಿತ್ತು. ನಮ್ಮ ಏಳಿಗೆ ನೋಡಿ ಯಾರದೋ ಕಣ್ಣು ಬಿತ್ತು." ಹಗಲೆಲ್ಲ ಹೀಗೆ ಹೇಳುತ್ತಿದ್ದವನಿಗೆ ಊಟ ಮಾತ್ರ ಸೇರುತ್ತಿರಲಿಲ್ಲ. ಶಿವನಂಜಮ್ಮ ಅದನ್ನು ನೋಡುತ್ತಲೇ ಇದ್ದಳು.

ಚಾಮಯ್ಯ ಮತ್ತೆ ಕೆಲಸಕ್ಕೆ ಬಂದ. ಬರದೆ ಇನ್ನೆಲ್ಲಿಗೆ ಹೋಗಬೇಕು?

ಶಿವರಾತ್ರಿ ಕಳೆದ ಮೇಲೆ ಗುರುಸಿದ್ದಯ್ಯ ಹೊಸ ಮೇಸ್ತ್ರಿಯನ್ನು ಕರೆತಂದ. ಅದೇ ಹಿತ್ತಲು. ಅದೇ ಜಾಗ. "ಈ ಸಲ ಗೋಡೆ ಇನ್ನೂ ದಪ್ಪ ಮಾಡಿಸ್ತೀನಿ. ಗಾರೆ ಬೇಡ, ಸಿಮೆಂಟು. ಗಣಪತಿ ಹೋಮ ಮಾಡಿಸಿ, ದೃಷ್ಟಿ ತೆಗೆಸಿ, ಆಮೇಲೆ ಪಾಯ" ಎಂದ. ಗುದ್ದಲಿ ಪೂಜೆಗೆ ದಿನ ಗೊತ್ತಾಯಿತು.

ಶಿವನಂಜಮ್ಮ ಅಂಗಳದಲ್ಲಿ ಮೂಟೆ ಹೊಲಿಯುತ್ತಿದ್ದ ಚಾಮಯ್ಯನ ಹತ್ತಿರ ಹೋದಳು.

"ಚಾಮಯ್ಯ, ಮತ್ತೆ ಅಲ್ಲೇ ಕಟ್ತಾರಂತೆ."

"ಗೊತ್ತು ಕಣಮ್ಮ."

"ನೀನು ಮತ್ತೆ ಅದರೊಳಕ್ಕೆ ಮೂಟೆ ಹೊರ್ತೀಯಾ?"

ಚಾಮಯ್ಯ ದಬ್ಬಳ ನಿಲ್ಲಿಸಿದ. "ಹೊರು ಅಂದ್ರೆ ಹೊರ್ತೀನಿ. ನನ್ ತಲೆ ಮೇಲೆ ಬಿದ್ರೆ ಬೀಳ್ಲಿ. ಆದ್ರೆ ದವಸ ಕೇರೋಕೆ ಇನ್ಯಾರೋ ಒಬ್ಬಳು ಬತ್ತಾಳಲ್ಲ ಅಮ್ಮಾವ್ರೇ. ಅವಳ್ಗೂ ಒಬ್ಬ ಗಂಡ ಇರ್ತಾನೆ."

ಅವಳಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಸೆರಗು ಹೊದ್ದು ನೇರ ಎದುರು ಮನೆಗೆ ನಡೆದಳು. ಸುಂದರೇಶ ಸೇತುವೆ ಕೆಲಸ ಮುಗಿಸಿ ಆ ವಾರವಷ್ಟೇ ವಾಪಸು ಬಂದಿದ್ದ. ತಿಮ್ಮಮ್ಮನ ಸುದ್ದಿ ಅವನಿಗೆ ಬಂದ ಮೇಲೆ ತಿಳಿದಿತ್ತು.

"ಅಣ್ಣಾ, ನೀವು ಅವತ್ತು ಹೇಳಿದ್ರಿ. ನಾವು ನಕ್ಕೊಂಡ್ವಿ. ಈಗ ಗೋಡೆ ದಪ್ಪ ಮಾಡಿಸ್ತಾರಂತೆ. ಅಷ್ಟು ಸಾಕಾ?"

ಸುಂದರೇಶ ಇಲ್ಲವೆಂದು ತಲೆಯಾಡಿಸಿದ. "ಕೆಸರಲ್ಲಿ ಹೂತ ಎತ್ತಿನ ಮೇಲೆ ಇನ್ನೊಂದು ಮೂಟೆ ಹೇರಿದಂಗೆ ಆಗ್ತದೆ ತಾಯಿ. ಗೋಡೆ ದಪ್ಪ ಆದ್ರೆ ಭಾರವೂ ಜಾಸ್ತಿ. ತಪ್ಪು ಗೋಡೇಲಿತ್ತೋ ಅದರ ಕೆಳಗಿತ್ತೋ, ಅದು ಮೊದಲು ಗೊತ್ತಾಗ್ಬೇಕು."

"ಹೆಂಗೆ ಗೊತ್ತಾಗೋದು?"

"ತೋಡಿದ್ರೆ ಗೊತ್ತಾಗ್ತದೆ."

ಆ ಸಂಜೆ ಶಿವನಂಜಮ್ಮ ಗಂಡನಿಗೆ ಹೇಳಿದಳು: "ಗುದ್ದಲಿ ಪೂಜೆಗೆ ನಾನು ಕೂರಲ್ಲ."

"ಏನಂದೆ?"

"ನೆಲ ನೋಡಿಸೋವರೆಗೂ ಕೂರಲ್ಲ. ಬೇಕಾದ್ರೆ ನೀವೊಬ್ರೇ ಕೂತು ಮಾಡ್ಕೊಳಿ. ತಿಮ್ಮಿ ಸತ್ತಿದ್ದು ಹಣೆಬರದಿಂದ ಅಂತೀರಲ್ಲ, ಆ ಹಣೆಬರ ಬರೆಯೋಕೆ ನಾವೂ ಕೈ ಹಾಕಿದ್ವಿ. ಗುಂಡಿ ಇತ್ತು ಅಂತ ನಾನು ಒಂದು ಸಲ ಹೇಳಿ ಬಾಯಿ ಮುಚ್ಕೊಂಡೆ. ಈ ಸಲ ಮುಚ್ಚಲ್ಲ."

ಗುರುಸಿದ್ದಯ್ಯ ರೇಗಿದ, ತಟ್ಟೆ ತಳ್ಳಿದ, ಜಗಲಿಗೆ ಹೋಗಿ ಕೂತ. ಹೆಂಡತಿ ಪಕ್ಕದಲ್ಲಿಲ್ಲದೆ ಪೂಜೆಗೆ ಕೂರುವುದು ಹೇಗೆ? ಬಂಧು ಬಳಗಕ್ಕೆ ಏನು ಹೇಳುವುದು? ಮಾರನೆಯ ದಿನ ಮುಖ ಗಂಟಿಕ್ಕಿಕೊಂಡೇ, "ಕರೆಸು ಆ ಓವರ್‌ಸಿಯರ್ನ. ಏನು ತೋರಿಸ್ತಾನೋ ತೋರಿಸ್ಲಿ" ಎಂದ.

ಸುಂದರೇಶ ಹಿತ್ತಲಲ್ಲಿ ನಡೆದಾಡಿ ಗುರುತು ಹಾಕಿದ. ಬಿದ್ದ ಗೋಡೆಯ ಎರಡು ಮೂಲೆಯಲ್ಲಿ ಒಂದೊಂದು ಗುಂಡಿ, ಮಂಡಿಯ ಮಗ್ಗುಲ ಖಾಲಿ ಜಾಗದಲ್ಲಿ ಒಂದು, ಹಳೇ ಮಂಡಿಯ ಗೋಡೆಯ ಬುಡಕ್ಕೆ ತಾಗಿದಂತೆ ಇನ್ನೊಂದು.

"ಒಂದು ಕಡೆ ತೋಡಿದ್ರೆ ಸಾಲದಾ?" ಎಂದ ಗುರುಸಿದ್ದಯ್ಯ.

"ಅನ್ನ ಬೆಂದಿದೆಯಾ ನೋಡೋಕೆ ಒಂದಗುಳು ಸಾಕು. ನೆಲಕ್ಕೆ ಸಾಲದು. ಒಂದು ಮೂಲೆ ಗಟ್ಟಿ, ಇನ್ನೊಂದು ಮೆತ್ತಗೆ ಇದ್ರೆ ಒಂದು ಮಗ್ಗುಲು ಮಾತ್ರ ಕೂರ್ತದೆ. ಗೋಡೆ ಸೀಳೋದು ಆವಾಗಲೇ."

ಮಗ್ಗುಲ ಗುಂಡಿ ಮೊದಲು ತೋಡಿದರು. ಮೇಲಿನ ಸಡಿಲು ಮಣ್ಣು ಹೋದ ಕೂಡಲೆ ಗರಸು ಬೆರೆತ ಕೆಂಪು ಮಣ್ಣು ಬಂತು. ಪಿಕಾಸಿ ಹಾಕಿದರೆ ಕೈ ಜುಮ್ಮೆನ್ನುತ್ತಿತ್ತು. ಕೆಳಗೆ ಹೋದಷ್ಟೂ ಗಟ್ಟಿ. "ಇದು ಯಾರೂ ಮುಟ್ಟದ ನೆಲ, ಹುಟ್ಟಿದಾಗಿಂದ ಹಿಂಗೇ ಇದೆ" ಎಂದ ಸುಂದರೇಶ.

ಆಮೇಲೆ ಹಿಂದಿನ ಎರಡು ಮೂಲೆ, ಎರಡರಲ್ಲೂ ಒಂದೇ ಥರ. ಗಾಡಿ ಚಕ್ರ ತುಳಿದು ತುಳಿದು ಗಟ್ಟಿಯಾದ ಒಂದು ಪದರ ಮೇಲೆ, ರೊಟ್ಟಿಯ ಮೇಲ್ಪೊರೆಯ ಹಾಗೆ. ಅದು ಒಡೆದ ಮೇಲೆ ಬರೀ ಬೂದಿ. ಹೆಂಚಿನ ಚೂರು, ಒಡೆದ ಮಡಕೆ, ಬಳೆ ಚೂರು, ಎಮ್ಮೆಯ ಕೊಂಬು. ಬಿದ್ದ ಗೋಡೆಯ ಪಾಯದ ಕಲ್ಲು ಈ ಬೂದಿಯ ಮೇಲೇ ಕೂತಿತ್ತು. ಇನ್ನೂ ತೋಡಿದರು. ಆಳು ಎದೆಮಟ್ಟ ಇಳಿದ. ಕಪ್ಪು ರೊಜ್ಜು ಬಂತು. ಮುಗ್ಗಿದ ಚರಂಡಿ ವಾಸನೆ ಮೇಲೆದ್ದಿತು. ಸುಂದರೇಶ ಒಂದು ಉಂಡೆ ತೆಗೆದು ಗುರುಸಿದ್ದಯ್ಯನ ಅಂಗೈಗೆ ಇಟ್ಟ.

"ಹಿಸುಕಿ ನೋಡಿ."

ಗುರುಸಿದ್ದಯ್ಯ ಹಿಸುಕಿದ. ಬೆರಳ ಸಂದಿಯಿಂದ ಮಣ್ಣು ಬೆಣ್ಣೆಯಂತೆ ಹೊರಬಂತು. ಅವನು ಕೈ ಕೊಡವಿದ. ಆದರೂ ಹಠ ಬಿಡಲಿಲ್ಲ. "ಕೈಗೆ ಮೆತ್ತಗೆ ಇರ್ಬೋದು. ಭಾರ ಹೊರಲ್ಲ ಅಂತ ಹೆಂಗೆ ಹೇಳ್ತೀರಿ?"

"ಹೇಳೋದು ಬೇಡ. ಹೊರಿಸಿಯೇ ನೋಡೋಣ. ನಿಮ್ಮ ಮೂಟೇನೇ ಕೊಡಿ."

ಸುಂದರೇಶ ಒಂದೇ ಅಳತೆಯ ಎರಡು ಚಪ್ಪಡಿ ಕಲ್ಲು ತರಿಸಿದ. ಮಗ್ಗುಲ ಗುಂಡಿಯ ತಳದಲ್ಲಿ ಒಂದು, ಹಿಂದಿನ ಒಂದು ಗುಂಡಿಯಲ್ಲಿ ಪಾಯ ಕೂತಿದ್ದ ಮಟ್ಟಕ್ಕೆ ಇನ್ನೊಂದು, ಮಟ್ಟಸವಾಗಿ ಕೂರಿಸಿದ. ಕಲ್ಲಿನ ಮೇಲೆ ದಪ್ಪ ಮರದ ಕಂಬ, ಅದರ ತಲೆಯ ಮೇಲೆ ಹಲಗೆಯ ಅಟ್ಟಣೆ. ಕಂಬ ವಾಲದಂತೆ ಸುತ್ತ ಆಸರೆ. ಗುಂಡಿಯಿಂದ ದೂರಕ್ಕೆ ಗೂಟ ಹೊಡೆದು ಅಡ್ಡಲಾಗಿ ದಾರ ಬಿಗಿದು, ದಾರ ತಾಗುವ ಕಡೆ ಕಂಬಕ್ಕೆ ಇದ್ದಲಿನ ಗೆರೆ ಎಳೆದ. "ನೆಲ ಕೂತ್ರೆ ಗೆರೆ ದಾರಕ್ಕಿಂತ ಕೆಳಗೆ ಇಳೀತದೆ. ಗುಂಡಿ ಹತ್ರ ಯಾರೂ ನಿಲ್ಬೇಡಿ. ಈಗ ಮೂಟೆ ಇಡ್ಲಿ."

ಮೂಟೆ ಇಡುವವನು ಚಾಮಯ್ಯನೇ. ಶಿವನಂಜಮ್ಮ, "ಬೇರೆ ಯಾರಾದ್ರೂ ಇಡ್ಲಿ" ಎಂದಳು. ಚಾಮಯ್ಯ ಕೇಳಲಿಲ್ಲ. ತಲೆಗೆ ಗೋಣಿ ಹಾಕಿಕೊಂಡು ಮಂಡಿಯೊಳಗೆ ಹೋಗಿ ಮೂಟೆ ಹೊತ್ತು ಬಂದ.

ಮಗ್ಗುಲ ಗುಂಡಿಯ ಮೇಲೆ ಮೂಟೆ ಏರಿತು. ಗೆರೆ ದಾರಕ್ಕೆ ಅಂಟಿಕೊಂಡೇ ಇತ್ತು. ಇನ್ನಷ್ಟು ಇಟ್ಟರು. ನೂಲೆಳೆಯಷ್ಟು ಕೆಳಗೆ ಬಂದು ಅಲ್ಲೇ ನಿಂತಿತು. ಮಧ್ಯಾಹ್ನವಾದರೂ ಅಲ್ಲೇ.

ಹಿಂದಿನ ಗುಂಡಿಗೆ ಬಂದರು. ಮೊದಲ ಗುಂಡಿಗೆ ಇಟ್ಟದ್ದರ ಅರ್ಧದಷ್ಟು ಮೂಟೆ ಇಡುವಷ್ಟರಲ್ಲಿ ಗೆರೆ ದಾರದ ಕೆಳಗೆ ಹೋಯಿತು. ಬೆರಳಗಲ, ಎರಡು ಬೆರಳಗಲ. ನಿಲ್ಲಲೇ ಇಲ್ಲ, ನೋಡನೋಡುತ್ತ ಇಳಿಯುತ್ತಲೇ ಇತ್ತು. ಸುಂದರೇಶ ಚಾಮಯ್ಯನನ್ನು ದೂರ ನಿಲ್ಲಿಸಿ, "ಈಗ ತಾರಸಿ ನೀರು ಬಿದ್ದಂಗೆ ಬೀಳ್ಲಿ" ಎಂದು ಉದ್ದನೆಯ ತಗಡಿನ ದೋಣಿಯಿಂದ ಗುಂಡಿಗೆ ನೀರು ಬಿಡಿಸಿದ. ಬೂದಿ ನೀರು ಕುಡಿಯಿತು. ಕಂಬ ಒಂದು ಗೇಣು ದಡಕ್ಕನೆ ಕುಸಿದು ವಾಲಿತು. ಮೇಲಿನ ಮೂಟೆ ಉರುಳಿ ಗುಂಡಿಯೊಳಗೆ ಧೊಪ್ಪೆಂದು ಬಿತ್ತು.

ಅದೇ ಸದ್ದು. ಶಿವನಂಜಮ್ಮ ಕಿವಿ ಮುಚ್ಚಿಕೊಂಡಳು.

ಗುರುಸಿದ್ದಯ್ಯ ನಿಂತಿದ್ದವನು ಹಾಗೇ ಮಣ್ಣ ಗುಡ್ಡೆಯ ಮೇಲೆ ಕೂತುಬಿಟ್ಟ. ಗುಂಡಿಯನ್ನೇ ನೋಡುತ್ತ ಕೇಳಿದ: "ಇದನ್ನ ಅವತ್ತೇ ಮಾಡ್ಬೋದಿತ್ತಾ?"

ಸುಂದರೇಶ ಬಾಯಿ ತೆರೆಯುವ ಮೊದಲೇ ಚಾಮಯ್ಯ ಉತ್ತರ ಕೊಟ್ಟ. ಗುಂಡಿಗೆ ಬಿದ್ದ ಮೂಟೆಯ ಕಡೆ ನೋಡುತ್ತಾ ಮೆಲ್ಲಗೆ ಹೇಳಿದ. "ಒಂದು ದಿನದ ಕೆಲಸ ಯಜಮಾನ್ರೇ. ಒಂದೇ ದಿನದ್ದು."

ಗುರುಸಿದ್ದಯ್ಯ ಎದ್ದು ಬಂದು ಚಾಮಯ್ಯನ ಎರಡು ಕೈಯನ್ನೂ ಹಿಡಿದುಕೊಂಡ. ಚಾಮಯ್ಯ ಕೈ ಬಿಡಿಸಿಕೊಳ್ಳಲಿಲ್ಲ, ಹಿಡಿಯಲೂ ಇಲ್ಲ.

ಕೆಲಸ ಬಾಕಿ ಇತ್ತು. ಹಳೇ ಮಂಡಿಯ ಬುಡದ ಗುಂಡಿಯಲ್ಲಿ ಇಳಿದು ನೋಡಿದರೆ ಗುರುಸಿದ್ದಯ್ಯನ ಅಪ್ಪ ಹಾಕಿಸಿದ್ದ ಪಾಯ ಮೊಣಕಾಲುದ್ದವೂ ಇರಲಿಲ್ಲ. ನೆಲ ಗಟ್ಟಿ ಇದ್ದುದರಿಂದ ಅದು ನಿಂತಿತ್ತು, ಅಷ್ಟೇ. "ಈ ಗೋಡೆ ತನ್ನ ಭಾರ ತಾನು ಹೊರ್ತದೆ. ಇದರ ಮೇಲೆ ಮಹಡಿ ಏರಿಸ್ಬೇಡಿ, ಹೊಸ ಗೋಡೇನ ಇದಕ್ಕೆ ಕಚ್ಚಿಸಲೂ ಬೇಡಿ" ಎಂದ ಸುಂದರೇಶ.

"ಹಿತ್ತಲಲ್ಲಿ ಕಟ್ಟೋಕೆ ದಾರೀನೇ ಇಲ್ವಾ ಅಣ್ಣ?" ಶಿವನಂಜಮ್ಮ ಕೇಳಿದಳು.

"ಇದೆ ತಾಯಿ. ತುಂಬಿದ ಕಸವನ್ನೆಲ್ಲ ತೆಗೆಸಿ ಗಟ್ಟಿ ನೆಲ ಸಿಕ್ಕೋವರೆಗೂ ಪಾಯ ಇಳಿಸ್ಬೇಕು. ಅದಕ್ಕೆ ಇಂಜಿನಿಯರ್ ಲೆಕ್ಕ ಬೇಕು. ಮಗ್ಗುಲಲ್ಲಿ ಗಟ್ಟಿ ನೆಲ ಇರೋವಾಗ ಆ ಪಾಡು ಯಾಕೆ?"

ಹಾಗೇ ಮಾಡಿದರು. ಮಂಡಿಯ ಮಗ್ಗುಲಲ್ಲಿ, ಕೆಂಪು ಗರಸಿನ ಮೇಲೆ ಪಾಯ ಇಳಿಸಿ, ಮಾಳಿಗೆಯಿಲ್ಲದ ಒಂದೇ ಅಂತಸ್ತಿನ ಕೋಣೆ ಕಟ್ಟಿದರು. ಹಳೇ ಗೋಡೆಗೂ ಹೊಸ ಗೋಡೆಗೂ ನಡುವೆ ಸಂದು ಬಿಟ್ಟರು, ಒಂದು ಕೂತರೆ ಇನ್ನೊಂದನ್ನು ಎಳೆಯದ ಹಾಗೆ. ತಾರಸಿ ನೀರು ಬುಡಕ್ಕೆ ಬೀಳದೆ ಬೀದಿಯ ಮೋರಿಗೆ ಹೋಗುವಂತೆ ಕಲ್ಲಿನ ಕಾಲುವೆ ಹಾಕಿಸಿದರು. ಕೋಣೆ ಚಿಕ್ಕದಾಯಿತು. ಗುರುಸಿದ್ದಯ್ಯ ಹಿಡಿಸುವಷ್ಟೇ ದವಸ ಕೊಂಡ. ಪೂಜೆಗೆ ಶಿವನಂಜಮ್ಮ ಪಕ್ಕದಲ್ಲಿ ಕೂತಳು.

ಮೊದಲ ಮೂಟೆಯನ್ನು ಚಾಮಯ್ಯನೇ ಇಡಬೇಕೆಂದು ಗುರುಸಿದ್ದಯ್ಯ ಕೇಳಿಕೊಂಡ. ಚಾಮಯ್ಯ ಮೂಟೆ ಇಳಿಸಿ, ನಾಲ್ಕೂ ಗೋಡೆ ಮುಟ್ಟಿ ನೋಡಿದ.

"ಗಟ್ಟಿ ಅದೆ ಯಜಮಾನ್ರೇ" ಎಂದ.

ಮಾರನೆಯ ದಿನ ಅವನು ಕೆಲಸಕ್ಕೆ ಬರಲಿಲ್ಲ. ಬನ್ನೂರಿಗೆ, ಮಗಳ ಮನೆಗೆ ಹೊರಟುಹೋಗಿದ್ದ. ಶಿವನಂಜಮ್ಮ ಹೇಳಿ ಕಳಿಸಿದಳು, ಗುರುಸಿದ್ದಯ್ಯ ತಾನೇ ಹೋಗಿ ಕರೆದ. ಅವನು ಬರಲಿಲ್ಲ. ಅಂದಿನಿಂದ ಸಂತೇಪೇಟೆಯಲ್ಲಿ ಯಾರಾದರೂ ಹೊಸದಾಗಿ ದಾರ ಕಟ್ಟಿದರೆ ಗುರುಸಿದ್ದಯ್ಯ ಕರೆಯದಿದ್ದರೂ ಅಲ್ಲಿಗೆ ಹೋಗುತ್ತಿದ್ದ. "ನೆಲ ನೋಡಿಸಿದ್ರಾ?" ಎಂದು ಕೇಳುತ್ತಿದ್ದ. ಕೆಲವರು ನಗುತ್ತಿದ್ದರು. ನಕ್ಕವರಿಗೆ ಅವನು ತಿಮ್ಮಮ್ಮನ ಕಥೆ ಹೇಳುತ್ತಿದ್ದ.

ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಅಂಗಡಿಗೂ ಜಾಗ ಸಾಲದೆ ಬಂದಿರಬಹುದು. ಮಗ್ಗುಲಲ್ಲೊಂದು ಕೋಣೆ, ಮೇಲೊಂದು ಮಹಡಿ ಎಂದು ನೀವೂ ಲೆಕ್ಕ ಹಾಕುತ್ತಿರಬಹುದು. ಕಟ್ಟಿ, ಬೇಡವೆನ್ನುವುದಿಲ್ಲ. ಆದರೆ ಕಲ್ಲು ಇಳಿಸುವ ಮೊದಲು ಆ ಜಾಗ ಹಿಂದೆ ಏನಾಗಿತ್ತು ಎಂದು ಬೀದಿಯ ಹಿರಿಯರನ್ನು ಕೇಳಿ. ಕೆರೆಯೋ, ಬಾವಿಯೋ, ಗುಂಡಿಯೋ ಮುಚ್ಚಿದ ನೆಲವಾದರೆ ಇನ್ನೂ ಎಚ್ಚರ. ನಾಲ್ಕಾರು ಕಡೆ ತೋಡಿಸಿ, ತಿಳಿದ ಇಂಜಿನಿಯರಿಗೆ ತೋರಿಸಿ. ಹಳೇ ಗೋಡೆಯ ಮೇಲೆ ಮಹಡಿ ಏರಿಸುವುದಾದರೆ ಅದರ ಪಾಯವನ್ನೂ ಬಿಚ್ಚಿ ನೋಡಿ. ಗೋಡೆ ಓರೆಯಾಗಿ ಸೀಳಿದರೆ, ಬಾಗಿಲು ಕಚ್ಚಿದರೆ, ನೆಲ ಒಂದು ಕಡೆ ಇಳಿದರೆ ಸುಣ್ಣ ಬಳಿದು ಮರೆಸಬೇಡಿ. ಆ ದಿನವೇ ಭಾರ ಇಳಿಸಿ, ಒಳಗಿರುವ ಜನರನ್ನು ಹೊರಗೆ ಕಳಿಸಿ, ತಿಳಿದವರನ್ನು ಕರೆಸಿ.

ನಿಮ್ಮ ಗೋಡೆಯ ಕೆಳಗೆ ದಿನವೂ ಕೂತು ದುಡಿಯುವವರು ಇದ್ದಾರೆ. ನೆಲ ಹೇಗಿದೆ ಎಂದು ಅವರು ನಿಮ್ಮನ್ನು ಕೇಳಲಾರರು. ನೀವೇ ಕೇಳಿ. ಕಟ್ಟುವ ಮೊದಲು ಕೇಳಿ.